ಹುಳದ ಪುಡಿ

ನನ್ನ ಎಡಮಂಡಿಯನ್ನು ಮೂರು ಸಲ ಕುಯ್ದಿದ್ದಾರೆ. ಹಲಸಿನಹಣ್ಣನ್ನೂ ಯಾರೂ ಮೂರು ಸಲ ಕುಯ್ಯುವುದಿಲ್ಲ. ಮೊದಲು ಸವೆದ ಕೀಲು ತೆಗೆದು ಲೋಹದ್ದು ಕೂರಿಸಿದರು. ಒಳಗೆ ಕೀವಾಯಿತೆಂದು ಅದನ್ನೂ ಕಿತ್ತು, ಔಷಧಿ ಕಲೆಸಿದ ಸಿಮೆಂಟು ತುಂಬಿ ಮೂರು ತಿಂಗಳು ಮಲಗಿಸಿದರು. ಆಮೇಲೆ ಮತ್ತೊಂದು ಕೀಲು. ಈಗ ಅದೂ ಸಡಿಲ, ಮತ್ತೆ ಕೀವು. ವಿರೂಪಾಕ್ಷಿಪುರದ ಕಡೆಯಿಂದ ನೆಂಟರು ಬಂದು "ಈಗ ಹೆಂಗೈತೆ ಚಿಕ್ಕಲಕ್ಷ್ಮಮ್ಮ?" ಎಂದರೆ ಮೈಯೆಲ್ಲ ಉರಿಯುತ್ತದೆ. ಹೆಂಗಿರುತ್ತೆ? ನನ್ನ ಹಣೆಬರಹ ಇದ್ದ ಹಾಗಿರುತ್ತೆ.

ನನಗಿದ್ದದ್ದು ಒಂದೇ ಆಸೆ. ಮಂಡಿ ಸ್ವಲ್ಪ ಮಡಚಿದರೆ ಸಾಕು, ಹುಳದ ಮನೆಯಲ್ಲಿ ಸ್ಟೂಲಿನ ಮೇಲಾದರೂ ಕೂತು, ಹಣ್ಣಾದ ರೇಷ್ಮೆಹುಳ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮೂವತ್ತು ವರ್ಷ ಮಾಡಿದ ಕೆಲಸ. ಆರು ವರ್ಷದಿಂದ ಬಾಗಿಲಲ್ಲಿ ನಿಂತು ನೋಡುತ್ತಿದ್ದೇನೆ.

ನೋವು ಏರಿದಾಗಲೆಲ್ಲ ನಮ್ಮ ಯಜಮಾನರು ಬೋರಲಿಂಗಯ್ಯನವರಿಗೆ ಬಯ್ಯುತ್ತೇನೆ. "ನೀವಾಕಿದ ಪುಡಿನೇ ನನ್ನ ಕಾಲ ತಿಂದಿದ್ದು!" ಅವರು ನನ್ನ ಕಾಲಿನ ಶಾಖಕ್ಕೆ ನೀರು ಕಾಯಿಸಲು ಎದ್ದು ಹೋಗುತ್ತಾರೆ.

ಆ ಪುಡಿಯ ಕಥೆ ಹೇಳಿಬಿಡುತ್ತೇನೆ. ಮೊದಲ ಆಪರೇಷನ್ ಆಗಿ ಹನ್ನೊಂದನೇ ದಿನ ಹೊಲಿಗೆ ಸೋರಲು ಶುರುವಾಯಿತು. ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮುಕ್ಕುತ್ತಿದ್ದವು. ಅವನ್ನು ಬಿಟ್ಟು ಆಸ್ಪತ್ರೆಗೆ ಹೋಗುವುದುಂಟೇ? ಜ್ವರ ಎದ್ದ ಹುಳಕ್ಕೆ ರೋಗ ತಗಲದಿರಲೆಂದು ಮೇಲೆ ಬಿಳಿ ಪುಡಿ ಉದುರಿಸುತ್ತೇವೆ. "ಅಷ್ಟು ನಾಜೂಕಿನ ಹುಳಾನೇ ಕಾಯ್ತದೆ, ನನ್ ಕಾಲ್ನ ಕಾಯಕಿಲ್ವಾ? ಒಸಿ ತಂದಾಕಿ" ಎಂದವಳು ನಾನು. ಅವರು ಅನುಮಾನಿಸಿದರು. ನಾನು ಗದರಿದೆ. ಐದು ದಿನ ಹಾಕಿದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವಳು ನಾನು, ಬಯ್ಯಿಸಿಕೊಂಡವರು ಅವರು.

"ಗಾಯಕ್ಕೆ ಏನಾದ್ರೂ ಹಾಕಿದ್ರಾ?" ಎಂದು ಡಾಕ್ಟರು ಕೇಳಿದಾಗಲೆಲ್ಲ "ಇಲ್ಲ ಸಾ" ಎಂದೇ ಹೇಳಿಕೊಂಡು ಬಂದಿದ್ದೆ. ಮೊನ್ನೆ ರಾಮನಗರದಲ್ಲಿ ಹೊಸ ಡಾಕ್ಟರು ಅದನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಎದ್ದು ನಿಂತರು.

"ಹೊಲಿಗೆ ಸೋರ್ತಿತ್ತು, ನಾನು ಐದು ದಿನ ಹುಳದ ಪುಡಿ ಹಾಕ್ಬುಟ್ಟೆ ಸಾ. ಅವ್ಳು ಬ್ಯಾಡ ಬ್ಯಾಡ ಅಂದ್ಲು. ನಾನೇ ಕೇಳ್ನಿಲ್ಲ."

ನಾನು ಅವರ ಅಂಗಿ ಹಿಡಿದು ಜಗ್ಗಿದೆ, ಅವರು ಕೂರಲಿಲ್ಲ.

"ಪುಡಿಗಿಂತ, ಸೋರುತ್ತಿದ್ದಾಗ ಐದು ದಿನ ಸುಮ್ಮನೆ ಕೂತದ್ದು ತಪ್ಪು" ಎಂದರು ಡಾಕ್ಟರು. "ಇನ್ನು ಕೀಲು ನಿಲ್ಲೋದಿಲ್ಲಮ್ಮ. ಮೇಲಿನ ಮೂಳೆ, ಕೆಳಗಿನ ಮೂಳೆ ಸೇರಿಸಿಬಿಡ್ತೀವಿ. ನೋವು ಕಡಿಮೆಯಾಗುತ್ತೆ. ಕಾಲು ಮಾತ್ರ ಮಡಚೋದಿಲ್ಲ."

"ಯಾವತ್ತೂವಾ?"

"ಯಾವತ್ತೂ."

ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿದೆ. "ಪುಡಿ ತನ್ನಿ ಅಂದೋಳು ನಾನು. ನೀವ್ಯಾಕೆ ಸುಳ್ಳು ಯೋಳಿದ್ರಿ?"

"ಗೊತ್ತು ಕಣಮ್ಮಿ."

"ಗೊತ್ತಿದ್ದೂ ಆರು ವರ್ಷ ಬೈಸ್ಕೊಂಡ್ರಾ?"

ಅವರು ನನ್ನ ಕಾಲನ್ನೇ ನೋಡುತ್ತಿದ್ದರು. "ನಿನ್ ನೋವ ಈಸ್ಕಳಕ್ಕೆ ಆಗ್ನಿಲ್ಲ. ಬೈಗುಳಾನಾದ್ರೂ ಹೊತ್ಕೊಳಾನ ಅಂತ."

ಅಯ್ಯೋ ನನ್ನಪ್ಪಾ, ನಾಲ್ಕು ಜನರೆದುರು ಗೊಳೋ ಎಂದು ಅತ್ತುಬಿಟ್ಟೆ.

ಆಟೋ ಬಂತು. ಕಾಲು ಒಳಗೆ ಹಿಡಿಸಲಿಲ್ಲ. ಯಜಮಾನರು ಅದನ್ನೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಎರಡೂ ಕೈಯಲ್ಲಿ ಹಿಡಿದು ಕೂತರು. ದಾರಿಯುದ್ದಕ್ಕೂ ನೋವಿತ್ತು. ಬಯ್ಯಲು ಮಾತ್ರ ಇನ್ನು ಯಾರೂ ಉಳಿದಿರಲಿಲ್ಲ.