ಲಕ್ಕಮ್ಮ ಹೇಳಿದ ವರಸೆ

ಬೆಳಗಾದರೆ ಹೊಟ್ಟೆನೋವು. ಭಾನುವಾರ ಮಾತ್ರ ಇಲ್ಲ. ಇಂಥ ಹೊಟ್ಟೆನೋವು ನಿಮ್ಮ ಮನೆಯ ಮಕ್ಕಳಿಗೂ ಬಂದಿರಬಹುದು. ನೀವೂ ಒಂದಿಷ್ಟು ಓಮ ಅಗಿಯಲು ಕೊಟ್ಟು, ಎರಡು ಮಾತು ಗದರಿ, ಸ್ಕೂಲಿಗೆ ಅಟ್ಟಿರಬಹುದು. ಕೋಗಿಲಿನ ಲಕ್ಕಮ್ಮ ಮಾಡಿದ್ದೂ ಅದನ್ನೇ.

ಇದು ಅರವತ್ತರ ದಶಕದ ಶುರುವಿನ ಮಾತು. ಆಗ ಕೋಗಿಲು ಅಂದರೆ ರಾಗಿ ಹೊಲ, ದ್ರಾಕ್ಷಿ ತೋಟ, ನಾಲ್ಕು ಬೀದಿ. ದೊಡ್ಡ ಕ್ಲಾಸಿಗೆ ಹೋಗುವ ಮಕ್ಕಳು ಯಲಹಂಕದವರೆಗೆ ನಡೆಯಬೇಕಿತ್ತು. ಹಾಗೆ ನಡೆದು ಹೋಗುವ ಕೆಲವೇ ಹುಡುಗಿಯರಲ್ಲಿ ಲಕ್ಕಮ್ಮನ ಮೊಮ್ಮಗಳು ಗೋಪಾಲಮ್ಮ ಒಬ್ಬಳು. ಏಳನೇ ಕ್ಲಾಸು. ಓದಿನಲ್ಲಿ ಚುರುಕು, ಟೀಚರ್ ಆಗಬೇಕೆಂಬ ಆಸೆ.

ಲಕ್ಕಮ್ಮನೆಂದರೆ ಊರಿಗೇ ಗೌರವ. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆ ಮಾತು ಎದ್ದರೂ ಮೊದಲು ಅವಳ ಜಗಲಿಗೆ ಬಂದು ವರಸೆ ಕೇಳುತ್ತಿದ್ದರು. ಯಾರಿಗೆ ಯಾರು ಏನಾಗಬೇಕು, ಹೆಣ್ಣು ಕೊಡಬಹುದೋ ಕೂಡದೋ ಎಂಬ ಲೆಕ್ಕವೇ ವರಸೆ. ಚಿಕ್ಕಪ್ಪನ ಮಗನಾದರೆ ಅಣ್ಣ, ವರಸೆ ಇಲ್ಲ. ಅತ್ತೆಯ ಮಗನಾದರೆ ಭಾವ, ವರಸೆ ಉಂಟು. ವರಸೆ ಇದ್ದವರು ಒಬ್ಬರನ್ನೊಬ್ಬರು ರೇಗಿಸುವುದಂತೂ ನಮ್ಮ ಕಡೆ ಹುಟ್ಟಿನಿಂದಲೇ ಬಂದ ಹಕ್ಕು. ಲಕ್ಕಮ್ಮ ಎಲೆಅಡಿಕೆ ಉಗಿದು ಬಂದು ಒಂದು ಮಾತು ಹೇಳಿದಳೆಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಹೊಟ್ಟೆನೋವು ಎಂದರೆ ಯಾರೂ ಕೇಳದಿದ್ದಾಗ ಒಂದು ದಿನ ಬೆಳಿಗ್ಗೆ ಗೋಪಾಲಮ್ಮ ಅಜ್ಜಿಯ ಸೆರಗು ಹಿಡಿದು ನಿಂತಳು.

"ಅಜ್ಜೀ, ನಾನಿವತ್ತು ಸ್ಕೂಲಿಗೆ ಓಗಲ್ಲ."

"ಯಾಕಮ್ಮಿ? ಮೇಷ್ಟ್ರು ಒಡುದ್ರಾ?"

"ಇಲ್ಲ. ಸಾಮಿ ಭಾವ..."

ಸಾಮಿ ಭಾವ ಅಂದರೆ ಮುನಿಶಾಮಿ. ಲಕ್ಕಮ್ಮನ ಮಗಳು ಮುನಿಯಲ್ಲಮ್ಮನನ್ನು ಅಲ್ಲಾಳಸಂದ್ರಕ್ಕೆ ಕೊಟ್ಟಿತ್ತು, ಅವಳ ಮಗ. ಅದೇ ಸ್ಕೂಲಿನಲ್ಲಿ ದೊಡ್ಡ ಕ್ಲಾಸು. ಗೋಪಾಲಮ್ಮನಿಗೆ ಸೋದರತ್ತೆಯ ಮಗ.

"ಏನ್ ಮಾಡ್ದ ನಿಮ್ ಭಾವ?"

"ಸ್ಕೂಲ್ ಬಾವಿ ತಾವ ಅಡ್ಡ ನಿಂತ್ಕೋತಾನೆ. ಬ್ಯಾಡ ಅಂದ್ರೂ ಕೈ ಇಡ್ಕೋತಾನೆ. ಏನೇನೋ ಕೆಟ್ಟ ಮಾತು ಆಡ್ತಾನೆ."

ಲಕ್ಕಮ್ಮ ಬಾಯ್ತುಂಬ ನಕ್ಕಳು. "ಅತ್ತೆ ಮಗ ಕಣಮ್ಮಿ, ವರಸೆ ಐತೆ. ರೇಗಿಸ್ದೆ ಇನ್ನೇನ್ ಮಾಡ್ತಾನೆ, ಪೂಜೆ ಮಾಡ್ತಾನಾ? ಓಗು ಓಗು, ಒತ್ತಾಯ್ತು."

ಒಲೆಯ ಮುಂದಿದ್ದ ಸೊಸೆ ಮುನಿಗಂಗಮ್ಮನೂ ನಕ್ಕಳು. ಹುಡುಗಿ ಇಬ್ಬರ ಮುಖವನ್ನೂ ನೋಡಿ, ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಆಮೇಲೆ ಮನೆಯಲ್ಲಿ ಆ ಮಾತೇ ಎತ್ತಲಿಲ್ಲ. ಮುಂದಿನ ವಾರ ಮೂಲೆಯಲ್ಲಿ ಕೂತವಳು ಏಳಲೇ ಇಲ್ಲ. ಗದರಿದರು, ಬೇಡಿಕೊಂಡರು, ದೃಷ್ಟಿ ತೆಗೆದರು. ಯಾವುದೂ ನಡೆಯಲಿಲ್ಲ.

"ಬಿಡು ಅತ್ಲಾಗೆ," ಅಂದ ಅವಳ ಅಪ್ಪ ಚಿಕ್ಕಬೈರಪ್ಪ. "ಓದಿದ್ದು ಸಾಕು. ತೋಟದಾಗೆ ಕೈ ಸಾಲ್ದು."

ಸುದ್ದಿ ಅಲ್ಲಾಳಸಂದ್ರಕ್ಕೂ ಮುಟ್ಟಿತು. ಮುನಿಯಲ್ಲಮ್ಮ ಬಾಳೆಹಣ್ಣು ಹಿಡಿದುಕೊಂಡು ತವರಿಗೆ ಬಂದವಳು, "ಅವ್ವಾ, ಎಂಗಿದ್ರೂ ವರಸೆ. ಬರೋ ವರ್ಷಕ್ಕೆ ಮಾತು ಮುಗ್ಸಣ," ಅಂದಳು. ಮಗನ ಮನೆ, ಮಗಳ ಮನೆ ಎರಡೂ ಒಂದಾಗುತ್ತವೆ ಎಂದು ಲಕ್ಕಮ್ಮನಿಗೆ ಹಿಗ್ಗೋ ಹಿಗ್ಗು. ಒಳಗೆ ಕೂತ ಹುಡುಗಿ ಇದನ್ನೆಲ್ಲ ಕೇಳಿಸಿಕೊಂಡಳು. ಯಾರಿಂದ ತಪ್ಪಿಸಿಕೊಳ್ಳಲು ಸ್ಕೂಲು ಬಿಟ್ಟಳೋ ಅವನ ಜೊತೆಗೇ ಅವಳನ್ನು ಗಂಟು ಹಾಕಲು ಹೊರಟಿದ್ದರು, ಅದೂ ಪ್ರೀತಿಯಿಂದ.

ಶನಿವಾರ ಮಧ್ಯಾಹ್ನ ಮನೆಯ ಮುಂದೆ ಜಟಕಾ ನಿಂತಿತು. ಇಳಿದವರು ಜೈಬುನ್ನೀಸಾ ಟೀಚರ್, ಗೋಪಾಲಮ್ಮನ ಕ್ಲಾಸಿಗೆ ಪಾಠ ಹೇಳುವವರು. ಲಕ್ಕಮ್ಮ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು.

"ಗೋಪಾಲಮ್ಮ ಯಾಕೆ ಬರ್ತಿಲ್ಲ ಅಜ್ಜಿ?"

"ಅದೇನಿಲ್ಲ ಟೀಚರಮ್ಮ. ಅವಳತ್ತೆ ಮಗ ಸ್ವಲ್ಪ ರೇಗಿಸ್ತಾನಂತೆ. ವರಸೆ ಅಲ್ವಾ, ಅದ್ಕೆ ನಾಚ್ಕೆ."

ಟೀಚರು ಮಜ್ಜಿಗೆ ಲೋಟ ಕೆಳಗಿಟ್ಟರು. "ವರಸೆ ನಮ್ಮಲ್ಲೂ ಇದೆ ಅಜ್ಜಿ. ನನ್ನನ್ನ ಕೊಟ್ಟಿದ್ದೂ ಮಾಮೂ ಮಗನಿಗೇ, ಸೋದರಮಾವನ ಮಗನಿಗೆ. ಅವರೂ ರೇಗಿಸೋರು."

"ನೋಡಿ ಮತ್ತೆ! ನಿಮ್ಗೆ ನಾನೇನು ಏಳೋದು."

"ಅದಕ್ಕೇ ಕೇಳ್ತೀನಿ. ನಿಮ್ಮ ಯಜಮಾನರೂ ವರಸೆಯವರೇ ಇರಬೇಕು, ನಿಮ್ಮನ್ನ ಹೇಗೆ ರೇಗಿಸೋರು?"

ಲಕ್ಕಮ್ಮನಿಗೆ ಈ ವಯಸ್ಸಿನಲ್ಲೂ ಮುಖ ಕೆಂಪಾಯಿತು. "ಅಯ್ಯೋ, ಎಲ್ರ ಎದ್ರಿಗೇ ಎಮ್ಮೆ ಅನ್ನೋರು. ಒಂದ್ ಸಲ ಸಗಣಿ ಎತ್ತಿ ಒಗ್ದೆ ನೋಡಿ, ಮೀಸೆ ಎಲ್ಲಾ ಸಗಣಿ! ಅವತ್ತಿಂದ ಎಮ್ಮೆ ಅನ್ನೋದು ಬಿಟ್ರು. ಮನೆಯೋರೆಲ್ಲ ಬಿದ್ದು ಬಿದ್ದು ನಕ್ರು."

"ನೀವೂ ನಕ್ಕಿರಿ."

"ನಗ್ದೆ?"

"ಗೋಪಾಲಮ್ಮ ನಗ್ತಿದ್ದಾಳಾ ಅಜ್ಜಿ?"

ಲಕ್ಕಮ್ಮ ತಿರುಗಿ ಒಳಮನೆಯ ಕಡೆ ನೋಡಿದಳು.

"ನಿಮ್ಮವರು ಎಲ್ಲರ ಎದುರು ರೇಗಿಸಿದ್ರು, ಬೇಡ ಅಂದಾಗ ಬಿಟ್ಟರು. ಇವನು ಯಾರೂ ಇಲ್ಲದ ಹೊತ್ತು ನೋಡ್ಕೊಂಡು ಬರ್ತಾನೆ. ಅತ್ತರೂ ಬಿಡಲ್ಲ. ಹೇಳಿದ್ರೆ ‘ನಿಮ್ಮಪ್ಪ ಸ್ಕೂಲು ಬಿಡಿಸ್ತಾನೆ’ ಅಂತ ಅವಳನ್ನ ಹೆದರಿಸಿದ್ದಾನೆ. ಈಗ ಅವನು ಹೇಳಿದ ಹಾಗೇ ಆಯ್ತಲ್ಲ?"

"ಇದೆಲ್ಲಾ ನಿಮ್ಗೆ ಯಾರ್ ಏಳಿದ್ರು?"

"ಇನ್ನೊಬ್ಬ ಹುಡುಗಿ. ನೋಡಿದ್ದನ್ನ ಹೇಳಿದಳು, ತನಗೂ ಹೀಗೇ ಮಾಡಿದ ಅಂತ ಅತ್ತಳು. ಅವಳಿಗೂ ಅವನಿಗೂ ಯಾವ ವರಸೆಯೂ ಇಲ್ಲ ಅಜ್ಜಿ."

ಲಕ್ಕಮ್ಮ ಗಕ್ಕನೆ ಮುಂದಕ್ಕೆ ಬಾಗಿದಳು. "ಯಾರ್ ಮಗಳು?"

"ಹೆಸರು ಹೇಳಲ್ಲ. ಆ ಮನೇಲಿ ನಿಮ್ಮ ಮೊಮ್ಮಗಳ ಹೆಸರೂ ಹೇಳಲ್ಲ."

ಲಕ್ಕಮ್ಮ ಅವರನ್ನೇ ನೋಡಿದಳು. ಊರಿನ ಬಾಯಿಗೆ ಬೀಳದ ಹಾಗೆ ಎರಡು ಮನೆಯ ಮಾನ ಹೊತ್ತುಕೊಂಡು, ರಜದ ಹೊತ್ತಿನಲ್ಲಿ ಧೂಳು ಕುಡಿಯುತ್ತಾ ಬಂದ ಹೆಂಗಸು. ಇಂಥವರ ಮುಂದೆ ಹಟ ಮಾಡುವುದು ಅವಳಿಂದಾಗಲಿಲ್ಲ. ಎದ್ದು ಒಳಗೆ ಹೋಗಿ ಮೊಮ್ಮಗಳ ಪಕ್ಕ ನೆಲದ ಮೇಲೆ ಕೂತಳು.

"ಏನಾಯ್ತು ಏಳು ಮಗಾ. ಕೇಳ್ತೀನಿ."

"ಅವತ್ತೇ ಏಳ್ದೆ," ಅಂದಳು ಗೋಪಾಲಮ್ಮ. "ನೀನು ನಕ್ಬಿಟ್ಟೆ."

ಊರಿಗೆಲ್ಲ ತೀರ್ಪು ಹೇಳುವ ಲಕ್ಕಮ್ಮ ಮೊಮ್ಮಗಳ ತಲೆ ಸವರಿದಳು. "ತಪ್ಪು ನಂದು ಮಗಾ. ನಿಂದಲ್ಲ. ನಿಂದೇನೂ ಇಲ್ಲ," ಅಂದಳು. ಹಿರಿಯರು ಮಕ್ಕಳ ಮುಂದೆ ಹೀಗೆ ಹೇಳುವುದು ಅಪರೂಪ. ಅಪರೂಪವಾದ್ದರಿಂದಲೇ ಹುಡುಗಿಯ ಬಾಯಿ ಬಿಚ್ಚಿತು.

ನಡುವೆ ಮುನಿಗಂಗಮ್ಮ ತಡೆಯಲಾರದೆ, "ನೀನ್ಯಾಕ್ ಒಬ್ಳೇ ಬಾವಿ ತಾವ ಓದೆ?" ಅಂದಳು. ಹಿಂದೆಯೇ ಒಳಗೆ ಬಂದಿದ್ದ ಟೀಚರು ಅವಳ ಕೈ ಮೆಲ್ಲಗೆ ಹಿಡಿದು, "ನೀರು ಕುಡಿಯೋಕೆ ಹೋದದ್ದು ತಪ್ಪಲ್ಲಮ್ಮ. ಅದನ್ನ ಕೇಳಬೇಡಿ," ಅಂದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಚಿಕ್ಕಬೈರಪ್ಪ ಎತ್ತಿಗೆ ಹೊಡೆಯುವ ಬಾರುಕೋಲು ಹಿಡಿದು ಹೊರಟಿದ್ದ.

"ಎಲ್ಲಿಗೆ ಹೊರಟ್ರಿ?" ಅಂದರು ಟೀಚರು.

"ಅಲ್ಲಾಳಸಂದ್ರಕ್ಕೆ! ಅವ್ನ ಚರ್ಮ ಸುಲೀತೀನಿ!"

"ಹೊಡೆದ್ರೆ ನಿಮ್ಮ ಕೋಪ ಇಳಿಯುತ್ತೆ, ಅವನು ಇನ್ನೂ ಗುಟ್ಟಾಗಿ ಮಾಡೋದು ಕಲೀತಾನೆ. ಸೋಮವಾರ ಸ್ಕೂಲಿಗೆ ಬನ್ನಿ. ಅವರ ಮನೆಯವರನ್ನೂ ಕರೆಸ್ತೀನಿ. ಗೋಪಾಲಮ್ಮ ಬರೋದು ಬೇಡ, ಅವನ ಎದುರು ನಿಲ್ಲಿಸಿ ಅವಳನ್ನ ಕೇಳೋದು ಬೇಡವೇ ಬೇಡ."

ಸೋಮವಾರ ಹೆಡ್‌ಮಾಸ್ಟರ ಕೋಣೆಯಲ್ಲಿ ಎಲ್ಲರೂ ಸೇರಿದರು. ಹೆಡ್‌ಮಾಸ್ಟರು ಕೆಟ್ಟವರಲ್ಲ, ಗಲಾಟೆಗೆ ಹೆದರುವವರು ಅಷ್ಟೆ. ಪದೇ ಪದೇ ಕನ್ನಡಕ ಒರೆಸುತ್ತಾ, "ಒಂದೇ ಮನೆ ವಿಷಯ. ಸ್ಕೂಲಿನ ಹೆಸರೂ ಇದೆ ನೋಡಿ. ಹುಡುಗಿ ಇನ್ನೊಂದಷ್ಟು ದಿನ ಮನೇಲೇ ಇರಲಿ, ತಣ್ಣಗಾಗುತ್ತೆ," ಅಂದರು.

"ಅದೇ ನಾನೂ ಏಳೋದು," ಅಂದಳು ಮುನಿಯಲ್ಲಮ್ಮ. "ನಾಳೆ ನಮ್ಮನೆ ಸೊಸೆ ಆಗೋಳು. ಇದಕ್ಯಾಕೆ ಪಂಚಾಯ್ತಿ?"

ಲಕ್ಕಮ್ಮ ಎದ್ದು ನಿಂತಳು. "ತಪ್ಪು ಮಾಡ್ದೋನು ಬೆಂಚಿನ ಮೇಲೆ, ಮಾಡ್ದಿರೋಳು ಮನೆ ಮೂಲೇಲಿ. ಇದ್ಯಾವ ನ್ಯಾಯ ಸ್ವಾಮಿ?"

ಹೆಡ್‌ಮಾಸ್ಟರು ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಲಕ್ಕಮ್ಮ ಮಗಳ ಕಡೆ ತಿರುಗಿದಳು.

"ಯಲ್ಲೂ, ವರಸೆ ಏಳೋಳು ನಾನು. ಸರಿಯಾಗಿ ಕೇಳ್ಕೋ. ಉಡ್ಗಿ ಬ್ಯಾಡ ಅಂದ್ ಕಡೆ ವರಸೆ ಮುಗೀತು. ಅತ್ತೆ ಮಗ ಆಗ್ಲಿ, ಮಾವನ ಮಗ ಆಗ್ಲಿ, ಕೈ ಮುಟ್ಟಂಗಿಲ್ಲ. ಈ ಮದ್ವೆ ಮಾತು ಇನ್ನೊಂದ್ ಸಲ ನನ್ ಜಗಲಿ ಅತ್ತಬಾರ್ದು."

ಮುನಿಯಲ್ಲಮ್ಮನ ಕಣ್ಣು ತುಂಬಿತು. "ನನ್ ಮಗ ನಿಂಗೆ ಮೊಮ್ಮಗ ಅಲ್ವೇನವ್ವಾ?"

"ಮೊಮ್ಮಗ ಅಂತ್ಲೇ ಬಂದಿರೋದು. ಇವತ್ತು ನಾವು ತಿದ್ದದಿದ್ರೆ ನಾಳೆ ಪೋಲೀಸ್ನೋರು ತಿದ್ತಾರೆ."

ಒಂದು ಕಡೆ ಮಗಳು, ಇನ್ನೊಂದು ಕಡೆ ಮೊಮ್ಮಗಳು. ಲಕ್ಕಮ್ಮ ನ್ಯಾಯದ ಕಡೆ ನಿಂತಳು. ಸಲೀಸಾಗಿ ನಿಂತಳು ಅಂತ ತಿಳಿಯಬೇಡಿ. ಆ ವರ್ಷ ಗೌರಿ ಹಬ್ಬಕ್ಕೆ ಮುನಿಯಲ್ಲಮ್ಮ ಬಾಗಿನ ತೆಗೆದುಕೊಳ್ಳಲು ಬರಲಿಲ್ಲ. ಲಕ್ಕಮ್ಮ ಮಗಳ ಪಾಲಿನ ಮೊರವನ್ನು ಮುಂದಿಟ್ಟುಕೊಂಡು ಅತ್ತಳು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದೊಡ್ಡ ಜೀವ ಅಂದರೆ ಇಂಥದ್ದು.

ಆ ಸೋಮವಾರವೇ ಹೆಡ್‌ಮಾಸ್ಟರ ಮನಸ್ಸೂ ಬದಲಾಯಿತು. ಮುನಿಶಾಮಿಯನ್ನು ಬೇರೆಯಾಗಿ ಕೂರಿಸಿ ಕೇಳಿದರು. ಮೊದಲು ಸುಳ್ಳು ಹೇಳಿದ, ಆಮೇಲೆ ಒಪ್ಪಿಕೊಂಡ. ಕೆಲವು ದಿನ ಅವನನ್ನು ಸ್ಕೂಲಿನಿಂದ ಹೊರಗಿಟ್ಟರು. ತಿರುಗಿ ಬಂದಾಗ ಅವನಪ್ಪನೇ ಕರೆತರಬೇಕು, ಕರೆದೊಯ್ಯಬೇಕು. ಇನ್ನೊಂದು ದೂರು ಬಂದರೆ ಟಿ.ಸಿ. ಕೊಟ್ಟು ಕಳಿಸುವುದು ಎಂದು ಖಡಾಖಂಡಿತವಾಗಿ ಹೇಳಿದರು. ಬಿಡುವಿನ ಹೊತ್ತಿನಲ್ಲಿ ಬಾವಿಯ ಹತ್ತಿರ ಒಬ್ಬ ಟೀಚರು ಇರುವುದು ಖಾಯಮ್ಮಾಯಿತು. ಯಾವ ಹುಡುಗಿಯ ಹೆಸರನ್ನೂ ಯಾರ ಮುಂದೆಯೂ ಎತ್ತಲಿಲ್ಲ.

ಗೋಪಾಲಮ್ಮನ ಕಾಲಿಗೆ ಅವನನ್ನು ಬೀಳಿಸೋಣ ಎಂದು ಯಾರೋ ಅಂದರು. ಟೀಚರು ಅವಳನ್ನೇ ಕೇಳಿದರು. "ನಂಗೆ ಅವ್ನ ಮುಖ ನೋಡೋದ್ ಬ್ಯಾಡ," ಅಂದಳು. ಅಲ್ಲಿಗೆ ಆ ಮಾತು ಬಿಟ್ಟರು.

ಲಕ್ಕಮ್ಮ ಮೊಮ್ಮಗನನ್ನೂ ಕೈ ಬಿಡಲಿಲ್ಲ. ಮಗಳು ಮುಖ ತಿರುಗಿಸಿದರೂ ಅಲ್ಲಾಳಸಂದ್ರಕ್ಕೆ ಹೋಗಿ ಅವನ ಎದುರು ಕೂತಳು. "ನಿಂಗೆ ಯಾರೂ ಇಂಗೆ ಮಾಡು ಅಂತ ಏಳ್ಕೊಡ್ಲಿಲ್ಲ. ಮಾಡ್ಬ್ಯಾಡ ಅಂತ್ಲೂ ಯಾರೂ ಏಳ್ಲಿಲ್ಲ. ಈಗ ನಾನ್ ಏಳ್ತಾ ಇವ್ನಿ," ಅಂದಳು. ಅವನು ತಲೆ ಎತ್ತಲಿಲ್ಲ. ಅವಳು ಮತ್ತೆ ಮತ್ತೆ ಹೋದಳು.

ಗೋಪಾಲಮ್ಮ ಸ್ಕೂಲಿಗೆ ಹೊರಟ ದಿನ ಅಜ್ಜಿಯೂ ಜೊತೆಗೆ ನಡೆದಳು. ಹೀಗೆ ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ರೈಲ್ವೆ ಗೇಟಿನ ಹತ್ತಿರ ಹುಡುಗಿ ನಿಂತು, "ಸಾಕಜ್ಜಿ, ನೀನು ಮನೇಗ್ ಓಗು. ನಾನ್ ಓಗ್ತೀನಿ," ಅಂದಳು. ಲಕ್ಕಮ್ಮ ಅಲ್ಲೇ ನಿಂತು ಅವಳು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು.

ಜನ ಮುಂದೆಯೂ ವರಸೆ ಕೇಳಲು ಬರುತ್ತಲೇ ಇದ್ದರು. ಅವಳು ಅತ್ತೆ ಯಾರು, ಮಾವ ಯಾರು ಅಂತೆಲ್ಲ ಕೇಳಿ ಮುಗಿಸಿ, "ಉಡ್ಗೀನ ಕೇಳಿದ್ರಾ?" ಅನ್ನುತ್ತಿದ್ದಳು. ಇಲ್ಲ ಅಂದರೆ, "ಓಗಿ, ಕೇಳ್ಕೊಂಡ್ ಬನ್ನಿ. ಆಮೇಲೆ ವರಸೆ," ಎಂದು ಎಬ್ಬಿಸಿ ಕಳಿಸುತ್ತಿದ್ದಳು.

ತಾಯಂದಿರೇ, ತಂದೆಯರೇ, ಅಜ್ಜಿಯರೇ, ಮೇಷ್ಟ್ರುಗಳೇ! ಲಕ್ಕಮ್ಮನ ಕಾಲದಲ್ಲಿ ಇದಕ್ಕೆ ಹೆಸರಿರಲಿಲ್ಲ. ಇವತ್ತು ಲೈಂಗಿಕ ಕಿರುಕುಳ ಎಂಬ ಹೆಸರಿದೆ, ಮಕ್ಕಳನ್ನು ಕಾಪಾಡುವ ಕಾನೂನಿದೆ, ಹತ್ತು ಒಂಬತ್ತು ಎಂಟು, ಅಂದರೆ ೧೦೯೮ ಎಂಬ ಮಕ್ಕಳ ಸಹಾಯವಾಣಿ ಇದೆ. ಕಾಟ ಕೊಡುವವನು ಸಹಪಾಠಿಯಿರಲಿ, ನೆಂಟನಿರಲಿ, ಪಾಠ ಹೇಳುವವನೇ ಇರಲಿ, ಮುಚ್ಚಿಡಬೇಡಿ. ಗಂಡು ಮಕ್ಕಳಿಗೂ ಈ ಕಾಟ ತಪ್ಪಿದ್ದಲ್ಲ, ಅವರ ಮಾತನ್ನೂ ನಂಬಿ. ನೊಂದ ಮಗುವಿನ ಓದು ನಿಲ್ಲಿಸಬೇಡಿ, ಮದುವೆ ಮಾಡಿ ಬಾಯಿ ಮುಚ್ಚಿಸಬೇಡಿ. ಶಾಲೆಯವರು ತಮ್ಮ ಹೆಸರು ಕೆಡುತ್ತದೆ ಅಂದರೆ, ಸುಮ್ಮನಿದ್ದರೇ ಕೆಡುವುದು ಅಂತ ಮುಖಕ್ಕೆ ಹೇಳಿ.

ಇವತ್ತು ಸಂಜೆ ಮಗು ಸ್ಕೂಲಿನಿಂದ ಬಂದಾಗ ಕೈಯಲ್ಲಿರುವ ಕೆಲಸ ಬಿಟ್ಟು ಅದರ ಪಕ್ಕ ಕೂತುಕೊಳ್ಳಿ. ದಿನ ಹೇಗಿತ್ತು ಅಂತ ಕೇಳಿ. ಅದು ಹೇಳಿ ಮುಗಿಸುವ ತನಕ ಏಳಬೇಡಿ.