ಕಾಮಣಿ ಬಂದವನ ಲಿವರು

ಗಾದಿಲಿಂಗಪ್ಪ ಚೋರನೂರಿನಿಂದ ತಮ್ಮ ಉಜ್ಜಿನಪ್ಪನಿಗೆಂದು ಕಾಮಣಿಯ, ಎಂದರೆ ಕಾಮಾಲೆಯ, ಔಷಧ ತಂದಿದ್ದ. ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಕೊಳೆತ ಸೊಪ್ಪಿನ ನಾತಕ್ಕೆ ಉಜ್ಜಿನಪ್ಪನ ಹೆಂಡತಿ ಲಲಿತಾ ಮುಖ ತಿರುಗಿಸಿದಳು. ಆ ನಾತಕ್ಕಿಂತ ಭಾವನ ಮುಖ ಕಂಡೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು.

ಲಿವರು ಬದಲಿಸುವ ಆಪರೇಷನ್ನಿಗೆ ಮುಂಚೆ ಬೆಂಗಳೂರಿನ ಡಾಕ್ಟರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಸಾಯುವಾಗ ಲಿವರು ಕೊಟ್ಟು ಹೋದವನಿಗೆ ಹಿಂದೊಮ್ಮೆ ಕಾಮಣಿಯ ಸೋಂಕು ತಗಲಿತ್ತು, ಅಪಾಯ ತುಸು ಹೆಚ್ಚು. ಆದರೆ ಇದಕ್ಕಿಂತ ಒಳ್ಳೆಯದು ಸಿಗಲೆಂದು ಕಾದರೆ ಉಜ್ಜಿನಪ್ಪನೇ ಉಳಿಯಲಿಕ್ಕಿಲ್ಲ. ಗುಳಿಗೆ ತಪ್ಪಿಸದಿದ್ದರೆ ಇಂಥ ಲಿವರೂ ಚೆನ್ನಾಗಿಯೇ ನಡೆಯುತ್ತದೆ ಎಂದಿದ್ದರು. ಹಾಗೆಯೇ ಆಯಿತು. ಗಂಡನ ಕಣ್ಣಿನ ಹಳದಿ ಇಳಿದು, ಕಂಪ್ಲಿಯ ಅಕ್ಕಿ ಗಿರಣಿಯ ತನಕ ನಡೆದು ಬರುವಷ್ಟು ಕಸುವು ಬಂದಿತ್ತು.

ಲಿವರು ಕೊಟ್ಟವನ ಕಾಮಣಿಯ ಮಾತನ್ನು ಅವಳು ಭಾವನೊಬ್ಬನಿಗೇ ಹೇಳಿದ್ದು. ಅವನ ಬಾಯಲ್ಲಿ ಅದು ನಿಂತೀತೇ? ನೋಡಲು ಬಂದವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತರು. ಇವರೆಲ್ಲ ಮನುಷ್ಯರೇನು ಎಂದು ಅವಳ ಮೈ ಉರಿಯಿತು.

"ಕಾಮಣಿಗೆ ಇಂಗ್ಲಿಷ್ ಗುಳಿಗಿ ನಡಿಯಂಗಿಲ್ಲವ್ವಾ," ಎಂದ ಗಾದಿಲಿಂಗಪ್ಪ. "ಗುಳಿಗಿ ಪೂರಾ ಬಿಟ್ಟು ಈ ರಸ ಕುಡದ್ರ ಹೊಲಸೆಲ್ಲಾ ತೊಳದು ಹೋಗತೈತಿ."

"ಗುಳಿಗಿ ಬಿಟ್ರ ಜೀವಾನ ಹೋಗತೈತ್ರಿ ಭಾವಾರ! ಮನ್ಯಾನವ ಸತ್ತಾಗ ಯಾರೋ ಪುಣ್ಯಾತ್ಮರು ಅಳಕೋತ ಕೊಟ್ಟದ್ದನ್ನ ಹೊಲಸು ಅಂತೀರಲ್ಲ, ನಿಮ್ಮ ನಾಲಿಗಿ ತೊಳಕೋರಿ ಮೊದ್ಲು!"

ಅವಳು ಬಾಟಲಿ ಕಸಿದು ಚರಂಡಿಗೆ ಸುರಿದಳು. ಗಾದಿಲಿಂಗಪ್ಪ ಗೊಣಗುತ್ತ ಬಸ್ಸಿಗೆ ಹೋದ. ಅವಳು ಗುಳಿಗೆ ತಂದು ಚಾಚಿದರೆ ಉಜ್ಜಿನಪ್ಪ ಬಾಯಿ ತೆರೆಯಲಿಲ್ಲ.

"ಬ್ಯಾಡ ಬಿಡು. ಈ ಹೊಲಸು ಹೊತ್ಕೊಂಡು ಎಷ್ಟು ದಿನ ಇರ್ಲಿ?"

"ನೀವೂ ಅವರಂಗ ಮಾತಾಡ್ತೀರೇನ್ರಿ?"

"ಅವ್ರು ಬಾಯಾಗ ಅಂದ್ರು. ನೀ ಅನ್ನಲಿಲ್ಲ, ಅಷ್ಟ. ದವಾಖಾನಿಯಿಂದ ಬಂದಾಗಿಂದ ನನ್ನ ಒಮ್ಮೆಯಾರ ಮುಟ್ಟೀಯೇನು?"

ಡಾಕ್ಟರು ಸ್ವಚ್ಛ ಇರಬೇಕು ಅಂದಾರ್ರಿ ಎನ್ನಲು ಅವಳು ಬಾಯಿ ತೆರೆದಳು. ಡಾಕ್ಟರು ಕೈ ತೊಳೆಯಲು ಹೇಳಿದ್ದರೇ ಹೊರತು ದೂರ ಕೂರಲು ಹೇಳಿರಲಿಲ್ಲ. ಈಗಲೂ ಗುಳಿಗೆಯನ್ನು ಅವಳು ತುದಿಬೆರಳಲ್ಲಿ, ಅವನ ಕೈ ತಾಗದ ಹಾಗೆ ಹಿಡಿದಿದ್ದಳು. ತನ್ನ ಮೇಲೆಯೇ ಹೇಸಿಗೆ ಉಕ್ಕಿ ಬಂತು.

ಲಲಿತಾ ಅವನ ಪಕ್ಕ ಹಾಸಿಗೆಯ ಮೇಲೆ ಕೂತಳು. ಅವನ ಗದ್ದ ಹಿಡಿದು, ತನ್ನ ಬೆರಳಿನಿಂದಲೇ ಗುಳಿಗೆಯನ್ನು ಅವನ ನಾಲಿಗೆಯ ಮೇಲಿಟ್ಟಳು. ಆ ಬೆರಳನ್ನು ಅರಿವಿಲ್ಲದೆಯೇ ಸೆರಗಿಗೆ ಒರೆಸಿಕೊಂಡಳು. ಉಜ್ಜಿನಪ್ಪನಿಗೆ ಅದು ಗೊತ್ತಾಯಿತು. ಆದರೂ ನುಂಗಿದ.