ಉಬ್ಬರದ ಸುದ್ದಿ ಎಲ್ಲಿ ನಿಂತಿತು?

ಸೆಮಾರಾಂಗ್ ಎಂಬ ಬಂದರು ನಗರದ ಉತ್ತರದ ಕೇರಿಗೆ ಸಮುದ್ರ ಹೇಳದೆ ಕೇಳದೆ ಬರುತ್ತಿತ್ತು. ಮೋಡವೇ ಇಲ್ಲದ ಮಧ್ಯಾಹ್ನ ಚರಂಡಿಯಿಂದ ಉಕ್ಕಿ, ರುಮಿನಾ ಚಿಕ್ಕಮ್ಮ ಬಾಟಿಕ್ ಮಾಡುವ ಪಡಸಾಲೆಯ ತುಂಬ ಹರಡಿಬಿಡುತ್ತಿತ್ತು. ಮೂರು ವಾರ ಮೇಣದಲ್ಲಿ ಚಿತ್ತಾರ ಬಿಡಿಸಿದ್ದ ಬಟ್ಟೆಯೊಂದು ಹೋದ ತಿಂಗಳು ಹಾಗೆಯೇ ಹಾಳಾಗಿತ್ತು.

ಆಕೆಯ ಅಕ್ಕನ ಮಗಳು ಕಿನಾಸಿಹ್ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಬಂದರಿನ ನೀರಿನ ಮಟ್ಟ ವೆಬ್ ಪುಟವೊಂದರಲ್ಲಿ ಸಿಗುತ್ತದೆಂದು ತಿಳಿದದ್ದೇ ತಡ, ಚಿಕ್ಕಮ್ಮನ ಬ್ರೌಸರ್‌ಗೆ ಸೇರಿಕೊಂಡು ಓಡುವ ಪುಟ್ಟ ಪ್ರೋಗ್ರಾಂ, ಅಂದರೆ ಎಕ್ಸ್‌ಟೆನ್ಷನ್ ಬರೆದಳು. ಅದು ಹಿನ್ನೆಲೆಯಲ್ಲೇ ಇದ್ದು ಹತ್ತು ನಿಮಿಷಕ್ಕೊಮ್ಮೆ ಮಟ್ಟ ನೋಡಬೇಕು, ನೀರು ಏರಿದರೆ ಪರದೆಯ ಮೇಲೆ ಎಚ್ಚರಿಕೆ ತೋರಿಸಬೇಕು.

ಪರೀಕ್ಷೆಗೆಂದು ನೀರು ಏರಿದಂತೆ ಸುಳ್ಳು ಅಂಕಿ ಕೊಟ್ಟಳು. ಪರದೆ ಮಿಸುಕಲಿಲ್ಲ.

"ಏನೇ, ನಿನ್ನ ಕಾವಲುಗಾರ ನಿದ್ದೆ ಹೊಡೀತಿದಾನಾ?" ಚಿಕ್ಕಮ್ಮ ನಕ್ಕಳು.

ಕಿನಾಸಿಹ್‌ಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಯಿತು. ಎಚ್ಚರಿಕೆಯ ಪೆಟ್ಟಿಗೆ ತೋರಿಸಲೆಂದು ಬರೆದಿದ್ದ ಅದೇ 'ಅಲರ್ಟ್' ಸಾಲನ್ನು ತೆರೆದ ಪುಟವೊಂದರಲ್ಲಿ ಓಡಿಸಿದಳು. ಪೆಟ್ಟಿಗೆ ಟಪ್ಪೆಂದು ಎದ್ದು ನಿಂತಿತು! ಮತ್ತೆ ಹಿನ್ನೆಲೆಯಲ್ಲಿ ಓಡಿಸಿ ದೋಷಗಳ ಪಟ್ಟಿ ತೆರೆದರೆ, 'ಅಲರ್ಟ್ ಎಂಬುದೇ ಇಲ್ಲ' ಎಂಬ ದೂರು.

"ಅದು ನಿದ್ದೆ ಮಾಡ್ತಿಲ್ಲ ಚಿಕ್ಕಮ್ಮಾ. ನೀರು ಏರಿದ್ದು ಅದಕ್ಕೆ ಗೊತ್ತಾಗಿದೆ. ಆದ್ರೆ ಹಿನ್ನೆಲೇಲಿ ಕೆಲಸ ಮಾಡೋದ್ರಿಂದ ಅದಕ್ಕೆ ತನ್ನದೇ ಪುಟ ಇಲ್ಲ, ತೋರಿಸೋಕೆ ಜಾಗ ಇಲ್ಲ."

"ಜಾಗ ಇರೋರ ಕೈಲಿ ಹೇಳಿ ಕಳಿಸೋಕಾಗಲ್ವಾ?"

ಕಿನಾಸಿಹ್ ಬೆರಗಾಗಿ ಅವಳನ್ನೇ ನೋಡಿದಳು. ದಾರಿ ಇದ್ದದ್ದೇ ಅದು. ಕಂಪ್ಯೂಟರಿನ ಸೂಚನಾ ವ್ಯವಸ್ಥೆಯನ್ನು ಬಳಸಲು ಎಕ್ಸ್‌ಟೆನ್ಷನ್‌ಗೆ ಅನುಮತಿ ಬರೆದು, ಸುದ್ದಿಯನ್ನು ಅದಕ್ಕೆ ಒಪ್ಪಿಸಿದಳು. ಈ ಸಲ ಪರದೆಯ ಮೂಲೆಯಲ್ಲಿ ಸೂಚನೆ ಮೂಡಿತು, ಐದಾರು ಕ್ಷಣದಲ್ಲಿ ಮಾಯವೂ ಆಯಿತು.

"ಅಯ್ಯೋ, ಕೈಯೆಲ್ಲ ಮೇಣ ಕಣೇ ನಂದು. ತಲೆ ಎತ್ತೋದ್ರೊಳಗೆ ಓಡೋಯ್ತಲ್ಲ!"

ಯಾರಾದರೂ ಮುಟ್ಟುವ ತನಕ ನಿಂತಿರು ಎಂದು ಸೂಚನೆಗೆ ಹೇಳುವ ಇನ್ನೊಂದು ಸಾಲನ್ನು ಕಿನಾಸಿಹ್ ಸೇರಿಸಿದಳು.

ಮುಂದಿನ ಗುರುವಾರ ಕಿನಾಸಿಹ್ ಪಾಠದಲ್ಲಿದ್ದಾಗ ಚಿಕ್ಕಮ್ಮನ ಫೋನು ಬಂತು.

"ಮೂಲೇಲಿ ನಿಂತಿತ್ತು ಕಣೇ, ಅಲ್ಲಾಡದೆ! ಬಟ್ಟೆನೆಲ್ಲ ಅಟ್ಟಕ್ಕೆ ಹಾಕಿದೆ. ಈಗ ನೀರು ಹೊಸಿಲಿಗೆ ಬಂದಿದೆ."

"ಒಂದೂ ನೆನೀಲಿಲ್ವಾ?"

"ಒಂದೂ ಇಲ್ಲ. ಪಕ್ಕದ ಮನೆಯೋರಿಗೂ ಕೂಗಿ ಹೇಳ್ದೆ, ಅವ್ರೂ ಅಕ್ಕಿ ಮೂಟೆ ಎತ್ತಿಟ್ರು. ಅಲ್ಲ ಕಣೇ, ನೀರು ಇಳಿಯೋಕೆ ಶುರುವಾದ್ರೆ ಅದನ್ನೂ ಹೇಳುತ್ತಾ?"

ಆ ಪ್ರಶ್ನೆ ಅವಳಿಗೆ ಹೊಳೆದಿರಲೇ ಇಲ್ಲ. ಫೋನಿಟ್ಟವಳೇ ಕರಿಹಲಗೆಯತ್ತ ತಿರುಗಿ, ನೀರಿನ ಮಟ್ಟ ಏರಿ ಇಳಿಯುವುದನ್ನು ತೋರಿಸುವ ಗೆರೆಯೊಂದನ್ನು ಬರೆದು, "ಇಳಿತ ಶುರುವಾಯ್ತು ಅಂತ ಹೇಗೆ ಕಂಡುಹಿಡೀತೀರಿ?" ಎಂದು ಮಕ್ಕಳನ್ನೇ ಕೇಳಿದಳು.